ಮೆಗ್ನೀಸಿಯಂ, ಈಥರ್ ಮತ್ತು ನಮ್ಮ ಅಡಿಕೆ

ಉಜಿರೆ ದಾಟಿ ಚಾರ್ಮಾಡಿ ಘಟ್ಟದ ಕಡೆಗೆ ಹೊರಟರೆ ದಾರಿಯಲ್ಲಿ ಸಿಗುವ ಊರು ಮುಂಡಾಜೆ. ಎಲ್ಲಿ ನೋಡಿದರೂ ಕಂಗಿನ ತೋಟ. ಮಳೆ ಹೋಗಿ ಬಿಸಿಲು ಬಲಿತಿತೆಂದರೆ ಮನೆಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತದೆ. ಅಭ್ಯಾಸವಿಲ್ಲದವರು ಈ ಅಡಿಕೆಯ ಹೋಳೊಂದನ್ನು ಬಾಯಿಗೆ ಹಾಕಿಕೊಂಡರೆ ಮೈ ಬೆಚ್ಚಗಾಗಿ ಹಣೆಯಲ್ಲಿ ಬೆವರೊಡೆಯುವುದನ್ನು ನೀವು ಕಂಡಿರಬಹುದು. ಆ ಬೆವರಿಗೆ ಮುಖ್ಯ ಕಾರಣವಾದ ವಸ್ತುವನ್ನು ೧೮೮೮ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಜ್ಞನು ಅಡಿಕೆಯಿಂದ ಬೇರ್ಪಡಿಸಿದನು. ಅದರ ಹೆಸರು ಅರೆಕೋಲಿನ್.

ಅರೆಕೋಲಿನ್ ರಸಾಯನಶಾಸ್ತ್ರದಲ್ಲಿ ಕಾರ್ಬೊನಿಲ್ ಸಂಯುಕ್ತಗಳೆಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದವರ ಮೇಲೆ ಪ್ರಯೋಗಿಸುವ ಉಪಕರಣಗಳಲ್ಲಿ ಎಲ್ಲಕ್ಕಿಂತ ಹೆಸರಾದುದು ಮೆಗ್ನೀಸಿಯಂ ಲೋಹದಿಂದ ತಯಾರಾಗುವ ಗ್ರಿನ್ಯಾರ್ ಕಾರಕ. ಇವೆರಡೂ ಒಂದು ಗಾಜಿನ ಬುದ್ದಲಿಯಲ್ಲಿ ಎದುರಾದುದರಿಂದ ಒಂದು ಪ್ರಸಿದ್ಧ ಔಷಧಿಗೆ ದಾರಿಯಾಯಿತು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಆದರೆ ಈ ಲೇಖನದಲ್ಲಿ ನಿಮ್ಮ ಗಮನವನ್ನು ಸೆಳೆಯಬೇಕೆಂದಿರುವುದು ಅವೆರಡಕ್ಕಿಂತ ಹೆಚ್ಚಾಗಿ ಮೂರನೆಯದೊಂದರ ಕಡೆಗೆ, ಎಂದರೆ ಅವು ಯಾವ ದ್ರವದಲ್ಲಿ ಕರಗಿ ನಿಂತು ಸಂಧಿಸುತ್ತವೆಯೋ ಆ ದ್ರಾವಕದ ಕಡೆಗೆ. ಯಕ್ಷಗಾನದ ಆಟಕ್ಕೆ ಹೋದವರು ವೇಷಧಾರಿಯನ್ನು ನೋಡಿ ತಲೆದೂಗುತ್ತಾರೆ. ಬಲ್ಲವರು ಮಾತ್ರ ಹಿಮ್ಮೇಳಕ್ಕೆ ಕಿವಿಗೊಡುತ್ತಾರೆ. ಭಾಗವತರು ತಾಳ ಬದಲಿಸಿದೊಡನೆ ಕುಣಿತವೂ ಬದಲಾಗಬೇಕು. ದ್ರಾವಕವು ಈ ಹಿಮ್ಮೇಳದ ಹಾಗೆ.

ಮೊದಲು ಕಾರ್ಬೊನಿಲ್ ಎಂದರೇನೆಂದು ನೋಡೋಣ. ಇಂಗಾಲದ ಪರಮಾಣುವೊಂದು ಆಮ್ಲಜನಕದ ಪರಮಾಣುವೊಂದನ್ನು ಎರಡು ಬಂಧಗಳಿಂದ ಹಿಡಿದುಕೊಂಡಿದ್ದರೆ ಆ ಜೋಡಿಗೆ ಕಾರ್ಬೊನಿಲ್ ಎನ್ನುವರು. ಮಜ್ಜಿಗೆಹುಲ್ಲಿನ ಎಣ್ಣೆಗೆ ನಿಂಬೆಯ ಪರಿಮಳವನ್ನು ಕೊಡುವ ಸಿಟ್ರಾಲ್ ಇಂಥ ಸಂಯುಕ್ತ. ದಾಲ್ಚಿನ್ನಿಯ ಘಮದಲ್ಲಿಯೂ ಇದೇ ಜೋಡಿಯಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆಯ ಆಸೆಯಿಂದ ನಮ್ಮ ತೋಟಗಳಲ್ಲಿ ಹಬ್ಬಿಸಿದ ವೆನಿಲ್ಲಾ ಬಳ್ಳಿಯ ಕೋಡಿನ ವೆನಿಲಿನ್ ಕೂಡ ಇದೇ ಕುಟುಂಬದ್ದು. ಚಳಿಯ ರಾತ್ರಿ ಇಬ್ಬರು ಒಂದೇ ಕಂಬಳಿ ಹೊದ್ದು ಮಲಗಿದರೆ ಬಲಿಷ್ಠನು ಅದನ್ನು ತನ್ನ ಕಡೆಗೆ ಎಳೆದುಕೊಳ್ಳುವುದುಂಟು. ಹಾಗೆಯೇ ಇಬ್ಬರ ನಡುವಿನ ಎಲೆಕ್ಟ್ರಾನುಗಳನ್ನು ಆಮ್ಲಜನಕವು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಇಂಗಾಲಕ್ಕೆ ಎಲೆಕ್ಟ್ರಾನಿನ ಬಡತನ. ಯಾರಾದರೂ ಎಲೆಕ್ಟ್ರಾನುಗಳನ್ನು ತಂದುಕೊಟ್ಟರೆ ಅದು ಕೈಚಾಚುತ್ತದೆ.

ಹಾಗೆ ತಂದುಕೊಡುವ ಇಂಗಾಲ ಬೇಕು. ಆದರೆ ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳ ಜೊತೆಗಿರುವ ಇಂಗಾಲವೂ ಬಡವನೇ. ಅವು ಅದರಿಂದಲೂ ಕಿತ್ತುಕೊಳ್ಳುತ್ತವೆ. ಇಬ್ಬರು ಬಡವರ ನಡುವೆ ವ್ಯಾಪಾರವೇನು ನಡೆದೀತು? ಇಲ್ಲಿ ಮೆಗ್ನೀಸಿಯಂ ಪ್ರವೇಶಿಸುತ್ತದೆ. ಇಂಗಾಲಕ್ಕೂ ಬ್ರೋಮಿನ್ನಿಗೂ ನಡುವೆ ಈ ಲೋಹವು ತೂರಿಕೊಂಡರೆ ಸ್ಥಿತಿ ತಿರುಗುಮುರುಗಾಗುತ್ತದೆ. ಮೆಗ್ನೀಸಿಯಂ ಧಾರಾಳಿ; ತನ್ನ ಪಾಲಿನ ಎಲೆಕ್ಟ್ರಾನುಗಳನ್ನು ಪಕ್ಕದ ಇಂಗಾಲಕ್ಕೆ ಬಿಟ್ಟುಕೊಡುತ್ತದೆ. ನಿನ್ನೆಯ ಬಡವ ಇಂದಿನ ಶ್ರೀಮಂತ. ಈಗ ಅದು ಕಾರ್ಬೊನಿಲಿನ ಬಡ ಇಂಗಾಲವನ್ನು ಕೂಡಿಕೊಳ್ಳಬಲ್ಲದು. ಇಂಗಾಲಕ್ಕೆ ಇಂಗಾಲವನ್ನು ಜೋಡಿಸುವುದೇ ಸಾವಯವ ರಸಾಯನಶಾಸ್ತ್ರದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಅದನ್ನು ಇಷ್ಟು ಸುಲಭ ಮಾಡಿಕೊಟ್ಟದ್ದರಿಂದಲೇ ಈ ಕಾರಕಕ್ಕೆ ಇಷ್ಟೊಂದು ಮನ್ನಣೆ.

ಇದನ್ನು ಕಂಡುಹಿಡಿದ ವಿಕ್ಟರ್ ಗ್ರಿನ್ಯಾರ್ ೧೮೭೧ರಲ್ಲಿ ಫ್ರಾನ್ಸಿನ ಕಡಲತೀರದ ಶೆರ್ಬೂರ್ ಪಟ್ಟಣದಲ್ಲಿ ಹುಟ್ಟಿದವನು. ಲಿಯೋನ್ ನಗರದಲ್ಲಿ ಅವನ ಗುರು ಫಿಲಿಪ್ ಬಾರ್ಬಿಯೇ ೧೮೯೯ರಲ್ಲಿ ಮೀಥೈಲ್‌ಹೆಪ್ಟೆನೋನ್ ಎಂಬ ಕೀಟೋನು, ಮೀಥೈಲ್ ಅಯೊಡೈಡ್ ಮತ್ತು ಮೆಗ್ನೀಸಿಯಂ ಮೂರನ್ನೂ ಈಥರಿನಲ್ಲಿ ಒಟ್ಟಿಗೆ ಹಾಕಿ ಹೊಸ ಆಲ್ಕೊಹಾಲೊಂದನ್ನು ಪಡೆದನು. (ಆ ಕೀಟೋನು ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿಯೂ ಸ್ವಲ್ಪ ಇರುತ್ತದೆ.) ಆದರೆ ಫಲ ಒಮ್ಮೆ ಬಂದಂತೆ ಇನ್ನೊಮ್ಮೆ ಬರಲೊಲ್ಲದು. ಗುರು ಅದನ್ನು ಕೈಬಿಟ್ಟು ಶಿಷ್ಯನಿಗೊಪ್ಪಿಸಿದನು. ಶಿಷ್ಯನ ಬುದ್ಧಿವಂತಿಕೆ ಇದ್ದುದು ಮೂರನ್ನೂ ಒಟ್ಟಿಗೆ ಹಾಕದಿರುವುದರಲ್ಲಿ. ಮೊದಲು ನೀರಿನ ಸುಳಿವೂ ಇಲ್ಲದ ಈಥರಿನಲ್ಲಿ ಮೆಗ್ನೀಸಿಯಮನ್ನೂ ಅಯೊಡೈಡನ್ನೂ ಕೂಡಿಸಿ ಕಾರಕವನ್ನು ತಯಾರಿಸಿದನು. ಅದು ಪೂರ್ತಿ ಕರಗಿ ತಿಳಿಯಾದ ಮೇಲೆ ಕೀಟೋನನ್ನು ಹನಿಹನಿಯಾಗಿ ಬಿಟ್ಟನು. ೧೯೦೦ರ ಮೇ ತಿಂಗಳಲ್ಲಿ ಇದು ಪ್ರಕಟವಾಯಿತು; ೧೯೧೨ರಲ್ಲಿ ಪಾಲ್ ಸಬಾತ್ಯೇಯೊಡನೆ ನೊಬೆಲ್ ಪಾರಿತೋಷಕ ದೊರಕಿತು. ಪಾರಿತೋಷಕವು ಸಂದದ್ದು ಮೆಗ್ನೀಸಿಯಮಿಗೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನನ್ನನ್ನು ಕೇಳಿದರೆ ಅರ್ಧ ಪಾಲು ಈಥರಿಗೆ ಸಲ್ಲಬೇಕಾಗಿತ್ತು.

ಈ ಕಾರಕವನ್ನು ತಯಾರಿಸುವುದನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯಲಾರರು. ಒಲೆಯಲ್ಲಿ ಒಣಗಿಸಿದ ಬುದ್ದಲಿಯಲ್ಲಿ ಮೆಗ್ನೀಸಿಯಮಿನ ಸುರುಳಿ ಚೂರುಗಳು ಬೂದುಬಣ್ಣದಲ್ಲಿ ಬಿದ್ದಿರುತ್ತವೆ. ಈಥರನ್ನು ಸುರಿದು ಬ್ರೋಮೈಡನ್ನು ಸ್ವಲ್ಪ ಸೇರಿಸಿದರೂ ಏನೂ ಆಗುವುದಿಲ್ಲ. ಅಯೊಡಿನ್ನಿನ ಒಂದು ಹರಳನ್ನು ಹಾಕಿ ಕಾಯುತ್ತಾರೆ. ಕಂದುಬಣ್ಣ ಮೆಲ್ಲಗೆ ಮಾಸುತ್ತದೆ, ಲೋಹದ ಅಂಚಿನಲ್ಲಿ ಒಂದೆರಡು ಗುಳ್ಳೆ ಏಳುತ್ತವೆ, ದ್ರವ ಮಬ್ಬಾಗುತ್ತದೆ. ನೋಡುತ್ತಿದ್ದಂತೆ ಕೆಳಗೆ ಬೆಂಕಿಯಿಲ್ಲದೆ ಈಥರ್ ತಾನಾಗಿ ಕುದಿಯತೊಡಗುತ್ತದೆ. ಆಗ ತಣ್ಣೀರು ಕೈಗೆಟುಕುವಂತಿರಬೇಕು.

ಇದರ ಪರಮ ಶತ್ರು ನೀರು. ನೀರಿನ ಅಣುವೊಂದು ಸಿಕ್ಕಿದರೆ ಕಾರಕವು ಕಾರ್ಬೊನಿಲನ್ನು ಮರೆತು ನೀರಿನ ಜಲಜನಕವನ್ನೇ ಕಿತ್ತುಕೊಂಡು ನಿಷ್ಪ್ರಯೋಜಕವಾಗಿಬಿಡುತ್ತದೆ. ಆಟಿ ತಿಂಗಳಲ್ಲಿ ಡಬ್ಬಿಯ ಉಪ್ಪು ನೀರಾಗುವ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ನಮ್ಮ ಸೀಮೆಯಲ್ಲಿ ಇದನ್ನು ತಯಾರಿಸುವುದು ಎಷ್ಟು ತ್ರಾಸದ್ದೆಂದು ನೀವೇ ಊಹಿಸಿಕೊಳ್ಳಿ. ಅಡಿಕೆ ಒಣಗಿತೋ ಇಲ್ಲವೋ ಎಂಬುದನ್ನು ಕೃಷಿಕನು ಅಲುಗಿಸಿದ ಶಬ್ದದಿಂದ ತಿಳಿಯುತ್ತಾನೆ. ಈಥರ್ ಒಣಗಿತೋ ಇಲ್ಲವೋ ಎಂಬುದಕ್ಕೆ ಅಂಥ ಶಬ್ದವಿಲ್ಲ. ಸೋಡಿಯಂ ಲೋಹದ ತಂತಿಯನ್ನು ಅದರಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾಯುವುದು ಹಳೆಯ ಕ್ರಮ.

ಇನ್ನು ಕಾರ್ಬೊನಿಲಿನೊಡನೆ ಕೂಡಿದಾಗ ಏನಾಗುತ್ತದೆಂಬುದನ್ನು ಬೇಗನೆ ಹೇಳಿಬಿಡಬಹುದು. ಫಾರ್ಮಾಲ್ಡಿಹೈಡಿನಿಂದ ಪ್ರಾಥಮಿಕ ಆಲ್ಕೊಹಾಲು, ಇತರ ಆಲ್ಡಿಹೈಡುಗಳಿಂದ ದ್ವಿತೀಯಕ, ಕೀಟೋನುಗಳಿಂದ ತೃತೀಯಕ. ಎಸ್ಟರುಗಳ ಮೇಲೆ ಕಾರಕವು ಒಂದಲ್ಲ, ಎರಡು ಸಲ ಬೀಳುತ್ತದೆ; ಮೊದಲ ಪೆಟ್ಟಿಗೆ ಕೀಟೋನಾಗಿ, ಎರಡನೆಯದಕ್ಕೆ ತೃತೀಯಕ ಆಲ್ಕೊಹಾಲಾಗುತ್ತದೆ. ಈ ಎರಡನೆಯ ಪೆಟ್ಟನ್ನು ನೆನಪಿಡಿ, ಅಡಿಕೆಯ ಮಾತು ಬಂದಾಗ ಬೇಕಾಗುತ್ತದೆ.

ಈಗ ಮುಖ್ಯ ಪ್ರಶ್ನೆ. ಈಥರೇ ಏಕೆ? ಕರಗಿಸುವುದಷ್ಟೇ ಅದರ ಕೆಲಸವಾಗಿದ್ದರೆ ಬೇರೆ ಯಾವ ದ್ರವವಾದರೂ ಆಗಬೇಕಿತ್ತು. ಮೆಗ್ನೀಸಿಯಮಿಗೆ ಇರುವ ಬಂಧಗಳು ಎರಡು, ಒಂದು ಇಂಗಾಲದೊಡನೆ, ಇನ್ನೊಂದು ಬ್ರೋಮಿನ್ನಿನೊಡನೆ. ಆದರೆ ಅದರ ಸುತ್ತ ನಾಲ್ವರಿಗೆ ಸ್ಥಳವಿದೆ. ಉಳಿದ ಎರಡು ಮಣೆಗಳ ಮೇಲೆ ಈಥರಿನ ಅಣುಗಳು ಬಂದು ಕುಳಿತು, ತಮ್ಮ ಆಮ್ಲಜನಕದ ಮಿಗುತಾಯ ಎಲೆಕ್ಟ್ರಾನುಗಳನ್ನು ಅದಕ್ಕೆ ಆಸರೆಯಾಗಿ ಕೊಡುತ್ತವೆ. ಇದು ಬರಿಯ ಊಹೆಯಲ್ಲ. ೧೯೬೦ರ ದಶಕದ ಮೊದಲಲ್ಲಿ ಅಮೆರಿಕದ ರಂಡಲ್ ಮತ್ತು ಅವನ ಶಿಷ್ಯರು ಈ ಕಾರಕದ ಹರಳುಗಳನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ ಒಂದು ಮೆಗ್ನೀಸಿಯಮಿಗೆ ಎರಡು ಈಥರ್ ಅಣುಗಳು ಅಂಟಿಕೊಂಡಿರುವುದು ಸ್ಪಷ್ಟವಾಗಿ ಕಾಣಿಸಿತು. ಎಂದರೆ ನಾವು ದ್ರಾವಕವೆಂದು ಕರೆಯುವ ವಸ್ತು ಕಾರಕದ ಅಂಗವೇ ಆಗಿತ್ತು.

ಇಷ್ಟೇ ಆಗಿದ್ದರೆ ಸರಳವಾಗುತ್ತಿತ್ತು. ೧೯೨೯ರಲ್ಲಿ ಜರ್ಮನಿಯ ಶ್ಲೆಂಕ್ ಎಂಬಾತನು ತನ್ನ ಮಗನೊಡಗೂಡಿ ತೋರಿಸಿದ ಸಂಗತಿಯೆಂದರೆ, ಕಾರಕದ ಅಣುಗಳು ದ್ರಾವಣದಲ್ಲಿ ಸುಮ್ಮನಿರುವುದಿಲ್ಲ. ಎರಡು ಅಣುಗಳು ಸೇರಿ ತಮ್ಮ ಪಾಲುದಾರರನ್ನು ಬದಲಾಯಿಸಿಕೊಳ್ಳುತ್ತವೆ. ಒಂದು ಮೆಗ್ನೀಸಿಯಮಿಗೆ ಎರಡೂ ಇಂಗಾಲ, ಇನ್ನೊಂದಕ್ಕೆ ಎರಡೂ ಬ್ರೋಮಿನ್; ಮತ್ತೆ ಮೊದಲಿನಂತೆ. ಈ ಅದಲುಬದಲು ಎಡೆಬಿಡದೆ ನಡೆಯುತ್ತದೆ. ಸಾಮಾನ್ಯ ಈಥರಿನಲ್ಲಿ ದ್ರಾವಣ ಗಟ್ಟಿಯಾದಷ್ಟೂ ಅಣುಗಳು ಇಬ್ಬಿಬ್ಬರಾಗಿ, ಗುಂಪಾಗಿ ನಿಲ್ಲುತ್ತವೆ. ಡೈಆಕ್ಸೇನ್ ಎಂಬ ಬೇರೊಂದು ದ್ರವವನ್ನು ಬೆರೆಸಿದಿರೋ, ಎರಡು ಬ್ರೋಮಿನ್ ಹೊತ್ತ ಮೆಗ್ನೀಸಿಯಂ ಅದರೊಡನೆ ಸೇರಿ ತಳಕ್ಕೆ ಕೂರುತ್ತದೆ. ಮೇಲೆ ಉಳಿಯುವುದು ಎರಡು ಇಂಗಾಲ ಹೊತ್ತದ್ದು ಮಾತ್ರ. ಬುದ್ದಲಿಗೆ ಹಾಕಿದ ಲೋಹ ಅದೇ, ಬ್ರೋಮೈಡೂ ಅದೇ. ದ್ರವ ಬದಲಾದೊಡನೆ ಕಾರಕವೇ ಬೇರೆಯಾಯಿತು.

ಈಥರಿಗೆ ಪ್ರತಿಸ್ಪರ್ಧಿಯಾಗಿ ಬಂದುದು ಟೆಟ್ರಾಹೈಡ್ರೊಫ್ಯುರಾನ್. ಹೆಸರು ಉದ್ದವಾಯಿತು, ರಸಾಯನಜ್ಞರಂತೆ ನಾವೂ ಟಿ.ಎಚ್.ಎಫ್. ಎನ್ನೋಣ. ಸಾಮಾನ್ಯ ಈಥರಿನ ಆಮ್ಲಜನಕಕ್ಕೆ ಎರಡು ಕಡೆಯೂ ಅಲ್ಲಾಡುವ ಬಾಲಗಳಿವೆ. ಅವು ಅಡ್ಡ ಬರುತ್ತವೆ. ಟಿ.ಎಚ್.ಎಫ್.ನಲ್ಲಿ ಆ ಬಾಲಗಳೆರಡನ್ನೂ ಹಿಂದಕ್ಕೆಳೆದು ಗಂಟುಹಾಕಿದಂತೆ ಉಂಗುರವಾಗಿದೆ. ಆಮ್ಲಜನಕವು ಮುಂದೆ ಚಾಚಿಕೊಂಡು ಮೆಗ್ನೀಸಿಯಮನ್ನು ಬಿಗಿಯಾಗಿ ಹಿಡಿಯುತ್ತದೆ. ಗುಂಪುಗಳು ಒಡೆದು ಅಣುಗಳು ಹೆಚ್ಚಾಗಿ ಒಂಟಿಯಾಗುತ್ತವೆ. ಈಥರಿನಲ್ಲಿ ಹಟಹಿಡಿದು ಕುಳಿತಿದ್ದ ವೈನೈಲ್ ಹ್ಯಾಲೈಡುಗಳಿಂದ ಫ್ರಾನ್ಸಿನ ನೊರ್ಮಾನನು ೧೯೫೦ರ ದಶಕದಲ್ಲಿ ಈ ದ್ರಾವಕದ ನೆರವಿನಿಂದಲೇ ಕಾರಕವನ್ನು ಪಡೆದನು. ಬಾರ್ಬಿಯೇ ಹಿಡಿದಿದ್ದ ಅದೇ ಮೀಥೈಲ್‌ಹೆಪ್ಟೆನೋನಿಗೆ ಈ ವೈನೈಲ್ ಕಾರಕವನ್ನು ಸೇರಿಸಿದರೆ ಲಿನಲೂಲ್ ಬರುತ್ತದೆ. ಕೊತ್ತಂಬರಿ ಬೀಜವನ್ನು ಜಜ್ಜಿದಾಗ ಮೂಗಿಗೆ ಬಡಿಯುವ ಪರಿಮಳದಲ್ಲಿ ಮುಖ್ಯವಾದುದು ಇದೇ.

ಹಾಗಾದರೆ ಬಿಗಿಯಾಗಿ ಹಿಡಿಯುವ ದ್ರಾವಕವೇ ಯಾವಾಗಲೂ ಮೇಲೋ? ಇಲ್ಲ, ಇಲ್ಲಿಯೇ ಸ್ವಾರಸ್ಯವಿರುವುದು. ಕಾರ್ಬೊನಿಲ್ ಸಂಯುಕ್ತವು ಬಂದಾಗ ಅದರ ಆಮ್ಲಜನಕಕ್ಕೂ ಮೆಗ್ನೀಸಿಯಮಿನ ಸುತ್ತ ಒಂದು ಮಣೆ ಬೇಕು. ಅದು ಕುಳಿತ ಮೇಲೆಯೇ ಶ್ರೀಮಂತ ಇಂಗಾಲವು ಬಡ ಇಂಗಾಲದ ಸಮೀಪಕ್ಕೆ ಬರುವುದು. ಮೊದಲೇ ಕುಳಿತ ದ್ರಾವಕವು ಎದ್ದು ಸ್ಥಳ ಬಿಡಬೇಕು. ಸಾಮಾನ್ಯ ಈಥರ್ ಸಡಿಲವಾಗಿ ಕುಳಿತಿರುವುದರಿಂದ ಬೇಗ ಏಳುತ್ತದೆ. ಟಿ.ಎಚ್.ಎಫ್. ಅಷ್ಟು ಸುಲಭವಾಗಿ ಏಳದು; ಅದರ ಆಸರೆಯಿಂದ ಹೊಟ್ಟೆ ತುಂಬಿದ ಮೆಗ್ನೀಸಿಯಮಿಗೆ ಹೊಸಬನನ್ನು ಕರೆಯುವ ಆತುರವೂ ಕಡಿಮೆ. ಕಾರಕವನ್ನು ಹುಟ್ಟಿಸುವುದರಲ್ಲಿ ಸಮರ್ಥವಾದ ದ್ರಾವಕವು ಅದನ್ನು ಕೆಲಸಕ್ಕೆ ಕಳಿಸುವುದರಲ್ಲಿ ಕೆಲವೊಮ್ಮೆ ಹಿಂದೆ ಬೀಳುತ್ತದೆ. ಈ ಕಾರಣದಿಂದ ಆಸರೆಗೆ ಬೇಕಾದಷ್ಟೇ ಈಥರ್ ಇಟ್ಟು, ಉಳಿದದ್ದಕ್ಕೆ ಟಾಲ್ವೀನಿನಂಥ ನಿರ್ಲಿಪ್ತ ದ್ರವವನ್ನು ಬಳಸುವವರೂ ಇದ್ದಾರೆ.

ಇನ್ನೊಂದು ತೊಡಕೂ ಉಂಟು. ಕೀಟೋನಿನ ಅಕ್ಕಪಕ್ಕ ದಟ್ಟಣೆಯಿದ್ದರೆ ಕಾರಕವು ಒಳಗೆ ನುಗ್ಗಲಾರದೆ ಬೇರೆ ಕಿತಾಪತಿ ಮಾಡುತ್ತದೆ. ಪಕ್ಕದ ಜಲಜನಕವನ್ನು ಕೀಳುತ್ತದೆ, ಇಲ್ಲವೆ ತನ್ನದೇ ಜಲಜನಕವನ್ನು ಕೀಟೋನಿಗೆ ದಾನಮಾಡಿ ಹೊರಟುಹೋಗುತ್ತದೆ. ಅಮೆರಿಕದ ವಿಟ್‌ಮೋರ್ ೧೯೪೨ರಲ್ಲಿ ಡೈಐಸೊಪ್ರೊಪೈಲ್ ಕೀಟೋನಿನ ಮೇಲೆ ಇದನ್ನು ಅಳೆದು ನೋಡಿದನು. ಸಣ್ಣದಾದ ಮೀಥೈಲ್ ಕಾರಕವು ನೂರಕ್ಕೆ ೯೫ ಪಾಲು ಸರಿಯಾಗಿ ಕೂಡಿಕೊಂಡಿತು. ದಪ್ಪನೆಯ ಐಸೊಪ್ರೊಪೈಲ್ ಕಾರಕವು ಒಂದು ಪಾಲೂ ಕೂಡಲಿಲ್ಲ. ೬೫ ಪಾಲು ಜಲಜನಕ ದಾನದಲ್ಲಿ, ೨೯ ಪಾಲು ಜಲಜನಕ ಕೀಳುವುದರಲ್ಲಿ ಮುಗಿಯಿತು. ಮೆಗ್ನೀಸಿಯಮನ್ನು ಇನ್ನೂ ಬಿಗಿಯಾಗಿ ಹಿಡಿಯುವ ಹೆಕ್ಸಾಮೀಥೈಲ್‌ಫಾಸ್ಫೊರಮೈಡಿನಂಥ ದ್ರವಗಳಲ್ಲಿ ಈ ಜಲಜನಕ ಕೀಳುವ ಚಾಳಿಯೇ ಮುಂದಾಗುತ್ತದೆ.

ನೂರಿಪ್ಪತ್ತು ವರ್ಷ ಕಳೆದರೂ ಈ ಕ್ರಿಯೆಯ ಒಳಗುಟ್ಟು ಪೂರ್ತಿಯಾಗಿ ಬಿಡಿಸಿದ್ದಾಗಿಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ೨೦೨೦ರಲ್ಲಿ ನಾರ್ವೆಯ ಓಸ್ಲೋ ವಿಶ್ವವಿದ್ಯಾನಿಲಯದ ಪೆಲ್ಟ್ಸರ್, ಕಸ್ಕೆಲ್ಲಾ ಮತ್ತು ಸಂಗಡಿಗರು ಟಿ.ಎಚ್.ಎಫ್.ನಲ್ಲಿ ನಡೆಯುವ ಈ ಕ್ರಿಯೆಯನ್ನು ಗಣಕಯಂತ್ರದೊಳಗೆ ಅಣು ಅಣುವಾಗಿ ಅನುಕರಿಸಿ ನೋಡಿದರು. ಕಂಡದ್ದೇನೆಂದರೆ, ದಾರಿ ಒಂದೇ ಅಲ್ಲ. ಒಂಟಿ ಮೆಗ್ನೀಸಿಯಮೂ ಜೋಡಿ ಮೆಗ್ನೀಸಿಯಮೂ ಏಕಕಾಲದಲ್ಲಿ ಬೇರೆ ಬೇರೆ ದಾರಿಗಳಿಂದ ಕಾರ್ಬೊನಿಲನ್ನು ತಲುಪುತ್ತವೆ. ದ್ರಾವಕದ ಅಣುಗಳು ಏಳುವುದು, ಕೂರುವುದು, ಸುತ್ತ ಒತ್ತುವುದು ಇವುಗಳಿಂದಲೇ ಯಾವುದು ಎಷ್ಟು ಸುಲಭವೆಂಬುದು ನಿರ್ಣಯವಾಗುತ್ತದೆ.

ಇಷ್ಟು ಸಿದ್ಧತೆಯೊಡನೆ ಅಡಿಕೆಗೆ ಬರೋಣ. ಅರೆಕೋಲಿನಿನ ಅಣುವನ್ನು ಹೀಗೆ ಚಿತ್ರಿಸಿಕೊಳ್ಳಿ. ಆರು ಜನ ಕೈಹಿಡಿದು ನಿಂತ ಒಂದು ವೃತ್ತ. ಐವರು ಇಂಗಾಲ, ಒಬ್ಬ ಸಾರಜನಕ. ವೃತ್ತದಲ್ಲಿ ಒಂದು ಕಡೆ ಇಬ್ಬರು ಇಂಗಾಲಗಳು ಎರಡು ಕೈಗಳಿಂದ ಹಿಡಿದುಕೊಂಡಿದ್ದಾರೆ. ಅವರಲ್ಲೊಬ್ಬನ ಬೆನ್ನಿಗೆ ಹೊರಗಡೆ ಎಸ್ಟರಿನ ಕಾರ್ಬೊನಿಲ್ ಅಂಟಿಕೊಂಡಿದೆ. ಕಾರ್ಬೊನಿಲಿನ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಎಳೆದಾಗ ಆ ಸೆಳೆತ ಎರಡು ಕೈಗಳ ಜೋಡಿಯ ಮೂಲಕ ಹರಿದು, ಆಚೆಯ ಇಂಗಾಲವನ್ನೂ ಬಡವನನ್ನಾಗಿ ಮಾಡುತ್ತದೆ. ಹೀಗಾಗಿ ಈ ಮನೆಗೆ ಎರಡು ಬಾಗಿಲು. ಕಾರ್ಬೊನಿಲಿನ ಇಂಗಾಲವೇ ಹೆಬ್ಬಾಗಿಲು. ವೃತ್ತದ ಆಚೆಯ ಇಂಗಾಲ ಹಿತ್ತಿಲ ಬಾಗಿಲು. ಗ್ರಿನ್ಯಾರ್ ಕಾರಕವು ಸಾಮಾನ್ಯವಾಗಿ ಹೆಬ್ಬಾಗಿಲಿನಿಂದಲೇ ನುಗ್ಗುವ ಸ್ವಭಾವದ್ದು. ಹೆಬ್ಬಾಗಿಲಿನಿಂದ ಹೊಕ್ಕರೆ ಹಿಂದೆ ಹೇಳಿದ ಎರಡನೆಯ ಪೆಟ್ಟೂ ಬಿದ್ದು ಎಸ್ಟರ್ ಕೆಟ್ಟುಹೋಗುತ್ತದೆ.

ಇಂಥ ಎರಡು ಬಾಗಿಲಿನ ಸಂಯುಕ್ತಗಳಲ್ಲಿ ಕಾರಕವನ್ನು ಹಿತ್ತಿಲಿಗೆ ತಿರುಗಿಸುವ ಒಂದು ಉಪಾಯವನ್ನು ೧೯೪೧ರಲ್ಲಿ ಖರಾಶ್ ಕಂಡುಹಿಡಿದಿದ್ದನು. ನೂರಕ್ಕೆ ಒಂದು ಪಾಲಿನಷ್ಟು ತಾಮ್ರದ ಕ್ಲೋರೈಡ್ ಹಾಕಿದರೆ ಸಾಕು, ಹೆಚ್ಚಿನ ಪಾಲು ಹಿತ್ತಿಲಿನಿಂದ ಬಂದಿತು. ಕೊಳೆರೋಗಕ್ಕೆಂದು ನಾವು ಮೈಲುತುತ್ತಿನ ರೂಪದಲ್ಲಿ ಕಂಗಿನ ಗೊನೆಗಳಿಗೆ ಸಿಂಪಡಿಸುವ ತಾಮ್ರವೇ ಇದು, ಬೇರೆ ವೇಷದಲ್ಲಿ. ಆದರೆ ಅರೆಕೋಲಿನಿಗೆ ತಾಮ್ರವೂ ಬೇಕಾಗಲಿಲ್ಲ. ೧೯೫೭ರಲ್ಲಿ ಅಮೆರಿಕದ ಪ್ಲಾಟಿ ಮತ್ತು ಜೊತೆಗಾರರು ಫೀನೈಲ್ ಕಾರಕದೊಡನೆ ಅರೆಕೋಲಿನನ್ನು ಕೂಡಿಸಿ, ಹಿತ್ತಿಲ ಬಾಗಿಲಿನಿಂದ ಬಂದ ವಸ್ತುವನ್ನು ಪಡೆದರು. ದ್ರಾವಕ ಈಥರ್, ಬುದ್ದಲಿಯನ್ನು ಚೆನ್ನಾಗಿ ತಣ್ಣಗಿಡಬೇಕು.

ಇದರ ಗುಟ್ಟು ಚಂದವಾಗಿದೆ. ಕಾರಕವು ಹಿತ್ತಿಲಿನಿಂದ ಹೊಕ್ಕೊಡನೆ ಎಲೆಕ್ಟ್ರಾನುಗಳು ಸರಿದು, ಕಾರ್ಬೊನಿಲಿನ ಎರಡು ಬಂಧಗಳಲ್ಲಿ ಒಂದು ಸಡಿಲಿ, ಮೆಗ್ನೀಸಿಯಂ ಆಮ್ಲಜನಕದ ಮೇಲೆ ಕುಳಿತುಬಿಡುತ್ತದೆ. ಹೆಬ್ಬಾಗಿಲಿಗೆ ತಾನಾಗಿ ಅಗುಳಿ ಬಿದ್ದಂತಾಯಿತು. ಎರಡನೆಯ ಪೆಟ್ಟಿಗೆ ಅವಕಾಶವೇ ಇಲ್ಲ. ಕೊನೆಯಲ್ಲಿ ನೀರು, ಆಮ್ಲ ಹಾಕಿದಾಗಲೇ ಅಗುಳಿ ತೆರೆದು ಎಸ್ಟರ್ ಮತ್ತೆ ಮೊದಲಿನಂತಾಗುವುದು. ಅಷ್ಟು ಹೊತ್ತಿಗೆ ಕಾರಕವೆಲ್ಲ ಆ ನೀರಿನಿಂದಲೇ ನಾಶವಾಗಿರುತ್ತದೆ. ಶತ್ರುವೆಂದು ಹೇಳಿದ ನೀರು ಇಲ್ಲಿ ಸರಿಯಾದ ಗಳಿಗೆಗೆ ಬಂದ ನೆಂಟ.

ಪೇಟೆಯಲ್ಲಿ ಸಿಗುವ ಅರೆಕೋಲಿನ್ ಹೈಡ್ರೊಬ್ರೋಮೈಡ್ ಎಂಬ ಲವಣವನ್ನು ಹಾಗೆಯೇ ಬಳಸುವಂತಿಲ್ಲ. ಅದರ ಸಾರಜನಕದ ಮೇಲಿರುವ ಜಲಜನಕವೇ ಕಾರಕವನ್ನು ಕೊಂದುಬಿಡುತ್ತದೆ. ಕ್ಷಾರ ಹಾಕಿ ಅರೆಕೋಲಿನನ್ನು ಬಿಡಿಸಿ, ಒಣಗಿಸಿ ಬಳಸಬೇಕು. ಎಲೆಯಡಿಕೆಗೆ ಸುಣ್ಣ ಹಚ್ಚುವವರು ತಿಳಿಯದೆಯೇ ಈ ಬಿಡಿಸುವ ಕೆಲಸವನ್ನು ಬಾಯೊಳಗೆ ಮಾಡುತ್ತಾರೆ. ಆದರೆ ಸುಣ್ಣ ಅಲ್ಲಿಗೆ ನಿಲ್ಲದೆ ಎಸ್ಟರನ್ನೂ ಒಡೆದು ಅರೆಕೈಡಿನ್ ಎಂಬ ಆಮ್ಲವನ್ನಾಗಿ ಮಾಡುತ್ತದೆ.

ಔಷಧಿಯ ಮಾತು ಈಗ. ೧೯೭೦ರ ದಶಕದಲ್ಲಿ ಡೆನ್ಮಾರ್ಕಿನ ಫೆರೋಸಾನ್ ಸಂಸ್ಥೆಯವರು ಮನಸ್ಸಿನ ಖಿನ್ನತೆಗೆ ಮದ್ದು ಹುಡುಕುತ್ತ, ಫ್ಲೋರಿನ್ ಪರಮಾಣುವೊಂದನ್ನು ಹೊತ್ತ ಫೀನೈಲ್ ಕಾರಕವನ್ನು ಈಥರಿನಲ್ಲಿ ಅರೆಕೋಲಿನಿನೊಡನೆ ಕೂಡಿಸಿದರು. ಬಂದ ವಸ್ತುವಿನ ಎಸ್ಟರನ್ನು ಆಲ್ಕೊಹಾಲಾಗಿ ಮಾಡಿ, ಅದಕ್ಕೆ ಸೆಸಮಾಲ್ ಎಂಬುದನ್ನು ಜೋಡಿಸಿ, ಸಾರಜನಕದ ಮೇಲಿನ ಮೀಥೈಲನ್ನು ತೆಗೆದುಹಾಕಿದರು. ಸೆಸಮಾಲ್ ಎಳ್ಳೆಣ್ಣೆಯಲ್ಲಿ ದೊರೆಯುವ ವಸ್ತು. ಅಡಿಕೆಯದೂ ಎಳ್ಳಿನದೂ ಸೇರಿ ಆದ ಈ ಔಷಧಿಯ ಹೆಸರು ಪ್ಯಾರೊಕ್ಸೆಟಿನ್. ೧೯೯೧ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದಿತು, ೧೯೯೨ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಲಕ್ಷಾಂತರ ಜನ ಇದನ್ನು ಸೇವಿಸಿದ್ದಾರೆ. ವೈದ್ಯರ ಮಾತಿಲ್ಲದೆ ಶುರುಮಾಡಲೂ ಬಾರದು, ಥಟ್ಟನೆ ನಿಲ್ಲಿಸಲೂ ಬಾರದು ಎಂಬ ಎಚ್ಚರಿಕೆ ಇದಕ್ಕುಂಟು.

ಹೊಸದಾಗಿ ಬಂದ ಗುಂಪೂ ಎಸ್ಟರೂ ವೃತ್ತದ ಒಂದೇ ಬದಿಗೆ ಇರಬಹುದು, ಎದುರುಬದುರು ಬದಿಗಳಿಗೂ ಇರಬಹುದು. ಔಷಧಿಗೆ ಬೇಕಾದುದು ಎದುರುಬದುರಿನದು. ಬುದ್ದಲಿಯಲ್ಲಿ ಎರಡೂ ಮಿಶ್ರವಾಗಿ ಬರುತ್ತವೆ. ಕೊನೆಯಲ್ಲಿ ನೀರಿನ ಜಲಜನಕವು ಯಾವ ಬದಿಯಿಂದ ಸೇರಿತೆಂಬುದರ ಮೇಲೆ ಇದು ನಿಂತಿದೆ. ಇದಲ್ಲದೆ ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಎರಡು ರೂಪಗಳೂ ಸಮಸಮವಾಗಿ ಹುಟ್ಟುತ್ತವೆ. ಅವುಗಳಲ್ಲಿ ಒಂದು ಮಾತ್ರ ಔಷಧಿ.

ಅಡಿಕೆ ಬೆಳೆಗಾರರಾದ ಓದುಗರು ಇಲ್ಲಿ ಕಿವಿ ನಿಮಿರಿಸಿರಬಹುದು. ಜಗಿಯುವುದಕ್ಕಲ್ಲದೆ ಬೇರೆ ಉಪಯೋಗವನ್ನು ಹುಡುಕಬೇಕೆಂಬ ಮಾತು ಇಂದು ಬರಿಯ ಚಪಲದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮನು‍ಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ೨೦೨೦ರಲ್ಲಿ ಸಭೆ ಸೇರಿದ ತಜ್ಞರು ಅರೆಕೋಲಿನನ್ನು ಪ್ರತ್ಯೇಕವಾಗಿ ತೂಗಿ, ಕ್ಯಾನ್ಸರಿಗೆ ಕಾರಣವಾಗುವ ಸಂಭವವುಳ್ಳದ್ದು ಎಂದರು. ವಿಟ್ಲದಲ್ಲಿ ೧೯೫೬ರಿಂದ ಅಡಿಕೆಯ ಸಂಶೋಧನಾ ಕೇಂದ್ರವಿದೆ, ಮಂಗಳೂರಿನಲ್ಲಿ ೧೯೭೩ರಲ್ಲಿ ಹುಟ್ಟಿದ ಕ್ಯಾಂಪ್ಕೋ ಇದೆ. ಈ ಜಿಲ್ಲೆಯ ಎಷ್ಟೋ ಸಂಸಾರಗಳ ಅನ್ನ ಈ ಮರದ ಮೇಲಿದೆ. ಹಾಗಾದರೆ ಔಷಧಿಯ ಕಾರ್ಖಾನೆ ನಮ್ಮ ಅಡಿಕೆಯನ್ನು ಕೊಳ್ಳಲಾರದೆ?

ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ಒಣ ಅಡಿಕೆಯಲ್ಲಿ ಅರೆಕೋಲಿನ್ ನೂರಕ್ಕೆ ೦.೧ರಿಂದ ೦.೭ ಪಾಲಿನವರೆಗೆ ಇರುತ್ತದೆ. ೦.೩ ಎಂದಿಟ್ಟುಕೊಂಡರೆ ಒಂದು ಕ್ವಿಂಟಲಿನಲ್ಲಿ ೩೦೦ ಗ್ರಾಂ. ಯಾವುದೂ ಸೋರಿಹೋಗದೆ, ಬೇಡದ ಪ್ರತಿಬಿಂಬವನ್ನು ಮಾತ್ರ ಕಳೆದರೆ, ಸುಮಾರು ೩೧೮ ಗ್ರಾಂ ಔಷಧಿಯಾಗಬೇಕು. ದಿನಕ್ಕೆ ೨೦ ಮಿಲಿಗ್ರಾಂ ಸೇವಿಸುವ ಒಬ್ಬ ರೋಗಿಗೆ ಇದು ನಲವತ್ತಮೂರು ವರ್ಷಕ್ಕೆ ಸಾಕು! ನಿಜವಾದ ಕಾರ್ಖಾನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸೋರಿದರೂ ನಾಲ್ಕು ವರ್ಷಕ್ಕೆ ಬಂತು. ಅದೂ ಅಲ್ಲದೆ ಅರೆಕೋಲಿನನ್ನು ಅಡಿಕೆಯ ಹಂಗಿಲ್ಲದೆ ನಿಕೊಟಿನಿಕ್ ಆಮ್ಲದ ಎಸ್ಟರಿನಿಂದ ತಯಾರಿಸಬಹುದು. ರಾಶಿರಾಶಿಯಾಗಿ ಬೆಳೆಯುವ ಅಡಿಕೆಗೆ ಈ ಬಾಗಿಲು ತೀರ ಇಕ್ಕಟ್ಟಿನದು. ಬೇರೆಯಾಗಿ ಹೇಳಿದರೆ ಸುಳ್ಳು ಭರವಸೆಯಾದೀತು.

ಆದರೆ ದ್ರಾವಕದ ಕಡೆಗೆ ತಿರುಗಿದರೆ ಲೆಕ್ಕ ಬೇರೆಯಾಗುತ್ತದೆ. ಸಾಮಾನ್ಯ ಈಥರಿನ ಕುದಿಬಿಂದು ೩೫ ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಅದರ ಶೀಷೆಯನ್ನು ತೆರೆದಿಟ್ಟರೆ ಒಲೆಯಿಲ್ಲದೆ ಕುದಿಯುತ್ತದೆ. ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಹಿಡಿದು ತಂದುಬಿಡುತ್ತದೆ. ಬಹಳ ದಿನ ಇಟ್ಟರೆ ಅದರಲ್ಲಿ ಸಿಡಿಯುವ ಪೆರಾಕ್ಸೈಡುಗಳು ಹುಟ್ಟುತ್ತವೆ. ಗ್ರಾಂ ಲೆಕ್ಕದ ಪ್ರಯೋಗಕ್ಕೆ ಇದು ಆದೀತು. ಟನ್ ಲೆಕ್ಕದ ಕಾರ್ಖಾನೆಗೆ ಒಗ್ಗದು. ಟಿ.ಎಚ್.ಎಫ್. ೬೬ ಡಿಗ್ರಿಯಲ್ಲಿ ಕುದಿಯುತ್ತದೆ, ಆದರೆ ನೀರಿನೊಡನೆ ಬೆರೆತುಹೋಗುವುದರಿಂದ ಕೊನೆಯಲ್ಲಿ ಬೇರ್ಪಡಿಸುವುದು ರಗಳೆ. ಅದಕ್ಕೊಂದು ಮೀಥೈಲ್ ಗುಂಪು ಸೇರಿದ ಸೋದರವಿದೆ. ಕುದಿಬಿಂದು ೮೦ ಡಿಗ್ರಿ, ನೀರಿನಿಂದ ತಾನಾಗಿ ಪದರವಾಗಿ ಬೇರೆ ನಿಲ್ಲುತ್ತದೆ, ಗ್ರಿನ್ಯಾರ್ ಕಾರಕಕ್ಕೂ ಒಳ್ಳೆಯ ಆಸರೆ. ಈ ಸೋದರವನ್ನು ತಯಾರಿಸುವುದು ಫರ್‌ಫ್ಯುರಾಲಿನಿಂದ. ಫರ್‌ಫ್ಯುರಾಲ್ ಸಿಗುವುದು ಮೆಕ್ಕೆಜೋಳದ ದಿಂಡು, ಕಬ್ಬಿನ ಸಿಪ್ಪೆ ಮೊದಲಾದ ಹೊಲದ ಕಸದಲ್ಲಿರುವ ಹೆಮಿಸೆಲ್ಯುಲೋಸನ್ನು ಆಮ್ಲದೊಡನೆ ಬೇಯಿಸಿದಾಗ.

ಹೆಮಿಸೆಲ್ಯುಲೋಸ್ ಅಡಿಕೆ ಸಿಪ್ಪೆಯಲ್ಲಿಯೂ ಧಾರಾಳವಾಗಿದೆ. ಔಷಧಿ ಕಾರ್ಖಾನೆಗಳಲ್ಲಿ ಬಳಕೆಯಾಗುವ ಸಾಮಗ್ರಿಯ ತೂಕದಲ್ಲಿ ಬಹುಪಾಲು ದ್ರಾವಕದ್ದೇ. ಔಷಧಿಯ ತೂಕಕ್ಕೆ ಅದು ಎಷ್ಟೋ ಪಟ್ಟು. ಆದ್ದರಿಂದ ಈ ರಸಾಯನಶಾಸ್ತ್ರವು ಎಂದಾದರೂ ನಮ್ಮ ತೋಟದಿಂದ ದೊಡ್ಡ ಪ್ರಮಾಣದಲ್ಲಿ ಏನನ್ನಾದರೂ ಕೊಳ್ಳುವುದಾದರೆ ಅದು ಅಡಿಕೆಯಾಗಿರಲಾರದು, ಸುಲಿದು ಬಿಸಾಡಿದ ಸಿಪ್ಪೆಯಾಗಿದ್ದೀತು. ಕಬ್ಬಿನ ಸಿಪ್ಪೆಗೆ ಇರುವ ಒಂದು ಅನುಕೂಲ ಮಾತ್ರ ಇದಕ್ಕಿಲ್ಲ. ಕಬ್ಬಿನದು ಸಕ್ಕರೆ ಕಾರ್ಖಾನೆಯ ಬಾಗಿಲಲ್ಲೇ ಗುಡ್ಡೆಯಾಗಿ ಬೀಳುತ್ತದೆ. ಅಡಿಕೆಯದು ಮುಂಡಾಜೆಯಂಥ ನೂರಾರು ಊರುಗಳಲ್ಲಿ, ಗುಡ್ಡದ ಮೇಲೊಂದು ಹೊಳೆಯಾಚೆಗೊಂದು ಇರುವ ಮನೆಗಳ ಹಿತ್ತಿಲಲ್ಲಿ ಹರಡಿ ಬಿದ್ದಿದೆ. ಅದನ್ನು ಮಳೆ ಹಿಡಿಯುವ ಮೊದಲು ಒಂದೆಡೆಗೆ ಸಾಗಿಸುವ ಬಾಡಿಗೆ ಎಷ್ಟಾದೀತೆಂಬುದನ್ನು ರಸಾಯನಜ್ಞರಿಗಿಂತ ಲಾರಿಯವರು ಚೆನ್ನಾಗಿ ಹೇಳಬಲ್ಲರು.